ಚೀಸ್ ಕದ್ದವಳ ಕೇಸಿನಲ್ಲಿ ನಾನು ಸೋತದ್ದು

ನಾನು ವಾದದಲ್ಲಿ ಸೋತವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನ ಹೆಂಡತಿ ಇದನ್ನು ನನ್ನ ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಗಿಂತ ಮೇಲೆ ಇಟ್ಟಿದ್ದಾಳೆ. ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಮನೆಯ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆಯ ಗಾತ್ರದ ಬಗ್ಗೆ ನಾನು ಮಾಡಿದ ವಾದ ಕೇಳಿ ಸುಸ್ತಾದ ಸಪ್ಲೈಯರ್, ಇನ್ನೊಂದು ಪ್ಲೇಟು ತಂದಿಟ್ಟು ಕೈ ಮುಗಿದಿದ್ದಾನೆ. ಕಟ್ಟಡದ ಲಿಫ್ಟ್ ಕೆಟ್ಟಾಗ ರಿಪೇರಿಗೆ ಬಂದವನು ನನ್ನ ಮಾತಿನಿಂದ ತಪ್ಪಿಸಿಕೊಳ್ಳಲು ಲಿಫ್ಟಿನೊಳಗೇ ಬಾಗಿಲು ಹಾಕಿಕೊಂಡದ್ದೂ ಉಂಟು.

ಇದಕ್ಕೆಲ್ಲ ತಾಳಮದ್ದಲೆ ಕಾರಣ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ವೇಷ, ಕುಣಿತ ಯಾವುದೂ ಇಲ್ಲದೆ ಪಂಚೆ ಶಲ್ಯದಲ್ಲಿ ಕುಳಿತು ಬರೀ ಮಾತಾಡುವ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಪುರಾಣದ ಪಾತ್ರ ವಹಿಸಿದ ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಬಾಯಿಪಾಠವಿಲ್ಲ, ಮಾತು ಅಲ್ಲೇ ಹುಟ್ಟಬೇಕು. ಮೊದಲು ಪೀಠಿಕೆ, ಅಂದರೆ ನಾನು ಯಾರು, ನನ್ನ ಹುಟ್ಟು ಎಂಥದು, ನಾನು ಮಾಡಿದ್ದೇನು ಎಂದು ಪಾತ್ರವೇ ತನ್ನ ಚರಿತ್ರೆ ಹೇಳಿಕೊಳ್ಳುವುದು. ಆಮೇಲೆ ಎದುರು ಕೂತವನ ಜೊತೆ ವಾದ. ನಿಯಮ ಒಂದೇ: ವಹಿಸಿಕೊಂಡ ಪಾತ್ರದ ಪಕ್ಷವನ್ನು ಬಿಟ್ಟುಕೊಡಬಾರದು. ರಾಕ್ಷಸನಾದರೂ ಸರಿ, ಅವನಿಗೂ ಒಂದು ನ್ಯಾಯ ಇದ್ದೇ ಇರುತ್ತದೆ, ಅದನ್ನು ಹುಡುಕಿ ಹೇಳಬೇಕು.

ಅಬುಧಾಬಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಊರವರು ಶನಿವಾರ ಸಂಜೆ ಯಾರದಾದರೂ ಮನೆಯ ಹಾಲಿನಲ್ಲಿ ಸೋಫಾ ಸರಿಸಿ ಕೂರುತ್ತೇವೆ. ನನಗೆ ಯಾವಾಗಲೂ ರಾಕ್ಷಸನೇ. ಒಮ್ಮೆ ಎಷ್ಟು ಚೆನ್ನಾಗಿ ವಾದಿಸಿದೆನೆಂದರೆ, ನನ್ನನ್ನು ಕೊಲ್ಲಬೇಕಾಗಿದ್ದ ದೇವರು ಉತ್ತರ ಹೊಳೆಯದೆ ನೀರು ಕುಡಿದರು, ಮತ್ತೊಮ್ಮೆ ನೀರು ಕುಡಿದರು, ಕೊನೆಗೆ ಮನೆಯ ಯಜಮಾನಿ ಊಟ ಆರುತ್ತಿದೆ ಎಂದದ್ದರಿಂದ ಪ್ರಸಂಗ ನಿಂತಿತು. ಆ ರಾಕ್ಷಸ ಇವತ್ತಿಗೂ ಬದುಕಿದ್ದಾನೆ.

ಈ ಕೂಟಗಳಿಗೆ ಮಗಳನ್ನೂ ಎಳೆದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ನಾವು ಆಡುವುದು ತುಳು, ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಕನ್ನಡ ಅವಳ ಕಿವಿಗೆ ಬಿದ್ದದ್ದು ಶನಿವಾರ ಸಂಜೆ ಮಾತ್ರ. ಹಿಂದೆ ಕೂತು ಏನೋ ಚಿತ್ರ ಬಿಡಿಸುತ್ತಿರುತ್ತಾಳೆ, ಅವಳಿಗೇನು ತಿಳಿಯುತ್ತದೆ ಎಂದು ನಾನು ಭಾವಿಸಿದ್ದೆ.

ನನ್ನ ಕೆಲಸ ಮಾತ್ರ ಅಬುಧಾಬಿಯಿಂದ ಎರಡು ಗಂಟೆ ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನಲ್ಲಿ, ತೈಲ ಕಂಪನಿಗಳಿಗೆ ಸಾಮಾನು ಒದಗಿಸುವ ಒಂದು ಕಂಪನಿಯ ಸ್ಟೋರಿನಲ್ಲಿ. ಭಾನುವಾರ ಸಂಜೆ ಹೋದರೆ ಶುಕ್ರವಾರ ವಾಪಸು. ಮಗಳಿಗೆ ಐದು ವರ್ಷ ಇದ್ದಾಗ ಶುರುವಾದದ್ದು ಏಳು ವರ್ಷ ಹಾಗೇ ನಡೆದಿತ್ತು. ಅಬುಧಾಬಿಯಲ್ಲೂ ಕಂಪನಿಯ ಆಫೀಸು ಇದೆ. ಅವಳು ಒಂಬತ್ತು ವರ್ಷದವಳಿದ್ದಾಗ ಒಂದು ಶನಿವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಕೇಳಿದ್ದಳು: "ಪಪ್ಪಾ, ವೈ ಕಾಂಟ್ ಯು ವರ್ಕ್ ಹಿಯರ್?"

ನಾನು ಉತ್ತರ ಕೊಟ್ಟೆ. ಕರ್ತವ್ಯ ಎಂದರೇನು ಎಂಬಲ್ಲಿಂದ ಶುರುಮಾಡಿ, ಸ್ಟೋರ್ ಎಂಬುದು ಕಂಪನಿಯ ಹೊಟ್ಟೆ ಎಂಬುದರ ಮೂಲಕ ಹಾದು, ಇದೆಲ್ಲ ನಿಮಗೋಸ್ಕರವೇ ಎಂಬಲ್ಲಿಗೆ ತಂದು ಮುಗಿಸಿದೆ. ಸಾರು ತಣ್ಣಗಾಗಿತ್ತು. ಅವಳು "ಓಕೆ ಓಕೆ ಪಪ್ಪಾ, ಯು ವಿನ್" ಎಂದು ಎದ್ದುಹೋದಳು. ನಾನು ಗೆದ್ದೆನೆಂದೇ ತಿಳಿದು ಇನ್ನೊಂದು ಹಪ್ಪಳ ಮುರಿದೆ. ಆಮೇಲೆ ಅವಳು ಆ ಪ್ರಶ್ನೆ ಕೇಳಲಿಲ್ಲ.

ಕಳೆದ ವರ್ಷ ಅವಳ ಶಾಲೆಯಲ್ಲಿ ಒಂದು ಇತಿಹಾಸದ ದಿನ ಬಂತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಬ್ಬೊಬ್ಬ ವ್ಯಕ್ತಿಯ ಹೆಸರನ್ನು ಚೀಟಿಯಲ್ಲಿ ಬರೆದು ಮಕ್ಕಳಿಗೆ ಎತ್ತಲು ಕೊಟ್ಟಿದ್ದರು. ಮಗು ಆ ವ್ಯಕ್ತಿಯ ಚರಿತ್ರೆ ಹೇಳಬೇಕು, ತಂದೆ ಅಥವಾ ತಾಯಿ, ಆಗದಿದ್ದರೆ ಪರಿಚಯದ ದೊಡ್ಡವರೊಬ್ಬರು, ಆ ವ್ಯಕ್ತಿಯಂತೆ ವೇಷ ಹಾಕಿ ಪಕ್ಕದಲ್ಲಿ ಕೂರಬೇಕು. ಅವಳ ಗೆಳತಿಗೆ ರಾಣಿ ಬಂದಳು. ನನ್ನ ಮಗಳಿಗೆ ಒಬ್ಬ ನ್ಯಾಯಾಧೀಶ ಬಂದ. ಅವನ ಹೆಸರು ಎಷ್ಟು ಉದ್ದ ಇತ್ತೆಂದರೆ ನಮ್ಮ ಮನೆಯಲ್ಲಿ ಅವನು ಮೊದಲ ದಿನವೇ ಜಡ್ಜಪ್ಪ ಆಗಿಬಿಟ್ಟ.

ಅವಳು ಮೊದಲು ಅಮ್ಮನನ್ನು ಕೇಳಿದಳು. ಜಡ್ಜ್ ಆಗಿ ಕೂರಲು ತನಗೆ ಪುರುಸೊತ್ತಿಲ್ಲ, ಮನೆಯಲ್ಲಿ ದಿನವೂ ತೀರ್ಪು ಕೊಟ್ಟು ಸಾಕಾಗಿದೆ ಎಂದಳು ನನ್ನ ಹೆಂಡತಿ. ಆಮೇಲೆ ಎದುರು ಮನೆಯ ಬ್ಯಾಂಕಿನವರನ್ನು ಕೇಳುವುದೆಂದಾಯಿತು. ಅವರ ಇಂಗ್ಲಿಷು ವಿಮಾನದ ಅನೌನ್ಸ್‌ಮೆಂಟಿನ ಹಾಗೆ ಇರುತ್ತದೆ. ಫೋನಿನಲ್ಲಿ ಹೆಂಡತಿ ಈ ಸುದ್ದಿ ಹೇಳಿದಳು. ನಾನಿರುವಾಗ ಬ್ಯಾಂಕಿನವರೇ?

"ನಾನು ಬರ್ತೇನೆ, ರಜೆ ಹಾಕ್ತೇನೆ" ಎಂದೆ.

ಮಗಳು ಅಮ್ಮನ ಕೈಯಿಂದ ಫೋನು ಕಸಿದುಕೊಂಡಳು. ಆಮೇಲೆ, "ಪಪ್ಪಾ, ಯು ವಿಲ್ ಟಾಕ್ ಟೂ ಮಚ್."

"ಇಲ್ಲ ಮಗಾ."

"ಜಸ್ಟ್ ಫೋರ್ ಲೈನ್ಸ್. ಪ್ರಾಮಿಸ್? ಲಾಸ್ಟ್ ಲೈನ್ ಈಸ್ 'ಐ ಆಮ್ ಸಾರಿ'. ದೆನ್ ಸೈಲೆಂಟ್."

ಭಾಷೆ ಕೊಟ್ಟೆ. ಏಳು ವರ್ಷಗಳಲ್ಲಿ ಅವಳ ಶಾಲೆಯ ಒಂದೇ ಒಂದು ಕಾರ್ಯಕ್ರಮಕ್ಕೂ ನಾನು ಹೋಗಿರಲಿಲ್ಲ. ಇದೊಂದನ್ನು ಕೆಡಿಸಿದರೆ ಇನ್ನೊಂದಕ್ಕೆ ನನ್ನನ್ನು ಕರೆಯುವುದಿಲ್ಲ ಎಂಬುದು ಯಾರೂ ಹೇಳದೆ ನನಗೆ ಗೊತ್ತಾಗಿತ್ತು.

ಜಡ್ಜಪ್ಪನ ಚರಿತ್ರೆಯನ್ನು ಅವಳು ಪುಸ್ತಕದಿಂದ ಫೋಟೋ ತೆಗೆದು ಕಳಿಸಿದಳು. ಮೇಣದ ಬತ್ತಿ ಮಾಡುವವನ ಮಗ. ಲಂಡನ್ನಿಗೆ ಹೋಗಿ ವಕೀಲನಾಗಲು ಓದಿದ. ಓದಿದ ಎನ್ನುವುದಕ್ಕಿಂತ ಉಂಡ ಎನ್ನಬೇಕು. ಆ ಕಾಲದಲ್ಲಿ ವಕೀಲರ ಕೂಟದ ಊಟದ ಮನೆಯಲ್ಲಿ ಇಂತಿಷ್ಟು ಊಟಗಳನ್ನು ಸಾಲಿನಲ್ಲಿ ಕೂತು ಉಣ್ಣದೆ ಯಾರಿಗೂ ವಕೀಲಿಕೆ ಸಿಗುತ್ತಿರಲಿಲ್ಲವಂತೆ. ಪಂಕ್ತಿಯೂಟ ಉಂಡು ಪದವಿ ಪಡೆಯುವ ದೇಶ ಒಂದಿತ್ತೆಂದು ತಿಳಿದು, ನಾನು ತಪ್ಪು ಕಡೆ ಹುಟ್ಟಿದೆ ಅನಿಸಿತು. ಹಲವು ವರ್ಷ ಕೇಸು ಸಿಗದೆ ನೊಣ ಹೊಡೆದ. ಗಂಟಲು ದೊಡ್ಡದಿದ್ದುದರಿಂದ ಮೇಲೆ ಬಂದ. ನ್ಯಾಯಾಧೀಶನಾಗಿ ಊರೂರು ತಿರುಗಿದ. ಹೋದಲ್ಲೆಲ್ಲ ತುತ್ತೂರಿ ಊದಿ ಸ್ವಾಗತಿಸುತ್ತಿದ್ದರು. ಜೈಲಿನಿಂದ ಬಂದವರ ವಾಸನೆ ತಡೆಯಲು ಕೈಯಲ್ಲಿ ಹೂವಿನ ಗೊಂಚಲು ಹಿಡಿದು ಕೂರುತ್ತಿದ್ದ. ಮಧ್ಯಾಹ್ನದ ಊಟದ ನಂತರ ಪೀಠದಲ್ಲೇ ನಿದ್ದೆ ಹೋಗಿ, ಶಿಕ್ಷೆ ಹೇಳುವ ಹೊತ್ತಿಗೆ ಸರಿಯಾಗಿ ಏಳುತ್ತಿದ್ದ. ಕೊನೆಗೆ ರಾಣಿಯ ಮುಂದೆ ಮಂಡಿಯೂರಿ 'ಸರ್' ಆದ. ಏಳುವಾಗ ಮಾತ್ರ ಇಬ್ಬರು ಎತ್ತಬೇಕಾಯಿತಂತೆ. ಉಂಡ ಊಟ ಸುಮ್ಮನೆ ಹೋಗುತ್ತದೆಯೇ?

ಪುಟದ ಕೆಳಗೆ ಅರ್ಧ ಪ್ಯಾರಾ ಇತ್ತು. ಒಬ್ಬ ವಿಧವೆ ಅಂಗಡಿಯಿಂದ ಒಂದು ಗಡ್ಡೆ ಚೀಸ್ ಕದ್ದಳು. ಜಡ್ಜಪ್ಪ ಅವಳನ್ನು ಏಳು ವರ್ಷದ ಶಿಕ್ಷೆಗೆ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಅಟ್ಟಿದ. ಅವಳಿಗೊಬ್ಬಳು ಮಗಳಿದ್ದಳು. ನನ್ನ ಕೊನೆಯ ಸಾಲಿನ 'ಐ ಆಮ್ ಸಾರಿ' ಈ ಚೀಸಿಗಾಗಿ.

ವೇಷಕ್ಕೆ ನಮ್ಮ ಊರ ಕಡೆಯ ಬ್ಯಾರಿ ಸ್ನೇಹಿತರೊಬ್ಬರು ಒದಗಿದರು. ಮದೀನತ್ ಜಾಯೆದ್‌ನಲ್ಲಿ ಅವರದು ಬುರ್ಖಾ, ಅಬಾಯಾ ಹೊಲಿಯುವ ಅಂಗಡಿ, ಸಂಸಾರ ಅಬುಧಾಬಿಯಲ್ಲಿ. ಶುಕ್ರವಾರ ನಾನು ಅವರ ಕಾರಿನಲ್ಲೇ ಮನೆ ಸೇರುವುದು. ಕೆಂಪು ನಿಲುವಂಗಿ ಬೇಕೆಂದೆ. ಅವರು ಚಿತ್ರ ನೋಡಿ, "ಇದೆಂತ ದೊಡ್ಡದು? ಅಬಾಯಾವೇ, ಬಣ್ಣ ಬೇರೆ ಅಷ್ಟೆ. ಯಲ್ಲಾ, ಬೇಗ ಅಳತೆ ಕೊಡಿ" ಎಂದರು. ಅವರ ಟೈಲರ್ ಒಳ್ಳೆಯ ಕೆಲಸಗಾರ, ಆದರೆ ತೋಳಿನ ಅಂಚನ್ನು ಖಾಲಿ ಬಿಟ್ಟು ಅವನಿಗೆ ಅಭ್ಯಾಸವೇ ಇಲ್ಲ. ನಿಲುವಂಗಿ ಬಂದಾಗ ಎರಡೂ ತೋಳುಗಳಲ್ಲಿ ಮಿನುಗುವ ಮಣಿಯ ಬಳ್ಳಿ, ಬೆನ್ನಿನಲ್ಲಿ ಒಂದು ನವಿಲು.

"ಬಿಚ್ಚಿಸಿ ಮಾರಾಯ್ರೆ, ಇದು ಇಂಗ್ಲಿಷ್ ಜಡ್ಜ್."

"ನವಿಲು ಬಿಚ್ಚಿದ್ರೆ ಬಟ್ಟೆ ಹರೀತದೆ. ನೀವು ಕುರ್ಚಿಗೆ ಒರಗಿ ಕೂತ್ಕೊಳ್ಳಿ, ಖಲಾಸ್."

ಬಿಳಿ ಕೂದಲಿನ ಟೋಪನ್ನು ಹೆಂಡತಿ ಮಾಡಿದಳು. ಜಡ್ಜಪ್ಪನ ತಲೆ ತುಂಬ ಸುರುಳಿ ಸುರುಳಿ. ಅವಳಿಗೆ ಹತ್ತಿಯಲ್ಲಿ ಗೊತ್ತಿದ್ದದ್ದು ಒಂದೇ ವಿದ್ಯೆ, ದೇವರ ದೀಪಕ್ಕೆ ಬತ್ತಿ ಹೊಸೆಯುವುದು. ಸ್ನಾನದ ಪ್ಲಾಸ್ಟಿಕ್ ಟೋಪಿಗೆ ನೂರಾರು ಬತ್ತಿ ಹೊಸೆದು ಅಂಟಿಸಿದಳು. ನೋಡಲು ಬಹಳ ಚೆನ್ನಾಗಿತ್ತು. ಆದರೆ ಬತ್ತಿ ಹೊಸೆಯುವಾಗ ಬೆರಳಿಗೆ ಹಾಲು ಮುಟ್ಟಿಸಿಕೊಳ್ಳುವುದು ಅವಳ ಪದ್ಧತಿ, ಆಗ ಎಳೆ ಬಿಗಿಯಾಗಿ ನಿಲ್ಲುತ್ತದೆ. ಭಕ್ತಿಯಿಂದ ಇಲ್ಲಿಯೂ ಮುಟ್ಟಿಸಿದ್ದಳು. ಮೂರನೆಯ ದಿನಕ್ಕೆ ಟೋಪು ಹುಳಿಯಿತು. ಬಾಲ್ಕನಿಯಲ್ಲಿ ಒಣಗಲು ಇಟ್ಟರೆ ಎರಡು ಪಾರಿವಾಳ ಬಂದು ಕೂತವು. ಜಡ್ಜಪ್ಪ ಹೂವು ಹಿಡಿಯುತ್ತಿದ್ದುದು ಎದುರಿನವರ ವಾಸನೆಗೆ, ನಾನು ಹಿಡಿಯಬೇಕಾಗಿ ಬಂದದ್ದು ನನ್ನದೇ ತಲೆಯ ವಾಸನೆಗೆ. ಹೆಂಡತಿ ಎರಡು ಮೊಳ ಮಲ್ಲಿಗೆ ತಂದು ಕೈಗೆ ಕೊಟ್ಟಳು.

ನನ್ನ ನಾಲ್ಕು ಸಾಲುಗಳನ್ನು ಬುಧವಾರ ಸಂಜೆ ಕಾರಿನಲ್ಲಿ ಅಭ್ಯಾಸ ಮಾಡಿದೆ. ನಾನು ರಜೆ ಹಾಕಿದ್ದಕ್ಕಾಗಿ ಸ್ನೇಹಿತರು ಅಂಗಡಿ ಬಿಟ್ಟು ನನ್ನನ್ನು ಕರೆತರುತ್ತಿದ್ದರು. ಎರಡು ಸಲ ಸಾಲು ಹೇಳಿದೆ. ಮೂರನೆಯ ಸಲ ನಾಲಿಗೆ ತನ್ನಷ್ಟಕ್ಕೆ ಹೊರಳಿತು. ಮೇಣದ ಬತ್ತಿಯವನ ಮಗ, ಊರೂರು ತುತ್ತೂರಿ, ಇಷ್ಟೆಲ್ಲ ಚರಿತ್ರೆ ಇದ್ದು ಪೀಠಿಕೆ ಇಲ್ಲದಿದ್ದರೆ ಹೇಗೆ?

"ಆಹಾ! ನಾನು ಯಾರು? ಸೂರ್ಯನು ಅಪರೂಪಕ್ಕೆ ಮುಖ ತೋರಿಸುವ ಆಂಗ್ಲ ದೇಶದಲ್ಲಿ, ಕತ್ತಲನ್ನು ನೀಗುವುದೇ ಕುಲವೃತ್ತಿಯಾದ ವಂಶದಲ್ಲಿ ಜನಿಸಿದವನು. ತಂದೆ ಮೇಣದಿಂದ ಬೆಳಕು ಮಾಡಿದ, ನಾನು ನ್ಯಾಯದಿಂದ ಮಾಡಿದೆ. ಉಂಡ ಅನ್ನಕ್ಕೆ ಎರಡು ಬಗೆಯದಿರುವುದು ಧರ್ಮ. ನಾನಾದರೋ ಕಾನೂನಿನ ಅನ್ನವನ್ನೇ ಉಂಡವನು! ಆ ಕಾನೂನಿಗೆ ಹೇಗೆ ಎರಡು ಬಗೆಯಲಿ?"

ದಾರಿಯ ತಾರಿಫ್ ಪಟ್ಟಣ ದಾಟಿತು, ಒಂಟೆಗಳ ಬೇಲಿ ಮುಗಿಯಿತು, ಅಬುಧಾಬಿಯ ದೀಪಗಳು ಬಂದವು, ನಾನು ಇನ್ನೂ ಜಡ್ಜಪ್ಪನ ಯೌವನದಲ್ಲೇ ಇದ್ದೆ. ಸ್ನೇಹಿತರು ಕಾರು ನಿಲ್ಲಿಸಿ ನನ್ನ ಮುಖ ನೋಡಿದರು.

"ಎಲ್ಲ ಚಂದ ಉಂಟು. ಆದ್ರೆ ಆ ಸಾರಿ ಹೇಳ್ಲಿಕ್ಕೆ ಉಂಟಲ್ಲ, ಅದು ಎಲ್ಲಿ ಬರ್ತದೆ?"

ನಾನು ಚೀಲ ಎತ್ತಿಕೊಂಡು ಇಳಿದೆ.

ಗುರುವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ನಮ್ಮನ್ನು ಸಾಲಾಗಿ ಕೂರಿಸಿದರು. ಎಡಗಡೆ ರಾಣಿ, ಬಲಗಡೆ ರಟ್ಟಿನ ಸೇತುವೆ ಹಿಡಿದ ಎಂಜಿನಿಯರ್. ನನ್ನ ಟೋಪಿನ ಪರಿಮಳಕ್ಕೆ ರಾಣಿ ಮೆಲ್ಲಗೆ ಕುರ್ಚಿ ಸರಿಸಿಕೊಂಡು ಹೋಗಿ ಗೋಡೆಗೆ ಮುಟ್ಟಿದಳು. ಮಗಳು ಜಡ್ಜಪ್ಪನ ಚರಿತ್ರೆಯನ್ನು ಮೂರು ನಿಮಿಷದಲ್ಲಿ ಹೇಳಿದಳು, ಎಲ್ಲೂ ತಡವರಿಸಲಿಲ್ಲ. ನನ್ನ ಎದೆ ಉಬ್ಬಿತು. ನಾನು ಮೂರು ಸಾಲು ಹೇಳಿದೆ, ಸರಿಯಾಗಿಯೇ ಹೇಳಿದೆ. ಇನ್ನೊಂದೇ ಬಾಕಿ. ಅವಳ ಟೀಚರ್, ಇಂಗ್ಲೆಂಡಿನಿಂದಲೇ ಬಂದ ಎತ್ತರದ ಹೆಂಗಸು, ಒಪ್ಪಂದದಂತೆ ಮುಂದೆ ಬಂದು ಇಂಗ್ಲಿಷಿನಲ್ಲಿ ಕೇಳಿದರು: "ಮೈ ಲಾರ್ಡ್, ನೀವು ನ್ಯಾಯವಂತರಾಗಿದ್ದಿರಾ?"

ನಾನು ಹೇಳಬೇಕಾದದ್ದು: ಇಲ್ಲ, ಐ ಆಮ್ ಸಾರಿ.

ಆದರೆ ಅವರು ಕೇಳಿದ ರೀತಿ ಇತ್ತಲ್ಲ, ಕೈ ಕಟ್ಟಿ, ಒಂದು ಹುಬ್ಬು ಮೇಲೆ ಮಾಡಿ, ಅದು ಎದುರು ಕೂತ ಅರ್ಥಧಾರಿಯ ಹುಬ್ಬು. ಮೂವತ್ತು ವರ್ಷದ ರೂಢಿ ನನ್ನ ಕೊರಳಪಟ್ಟಿ ಹಿಡಿದು ಎಬ್ಬಿಸಿತು. "ಎಸ್, ಮೇಡಂ!" ಎಂದೆ. "ಐ ವಾಸ್ ವೆರಿ ಫೇರ್!" ನನ್ನ ಇಂಗ್ಲಿಷು ಸ್ಟೋರಿನ ಇಂಗ್ಲಿಷು, ಪೈಪು ಪಂಪುಗಳಿಗೆ ಸಾಕು, ನ್ಯಾಯಮೀಮಾಂಸೆಗೆ ಸಾಲದು. ಅರ್ಧ ನಿಮಿಷಕ್ಕೆ ಅದು ಖಾಲಿಯಾಯಿತು. ಹಿಂದೆಯೇ ಕನ್ನಡ ನುಗ್ಗಿತು.

"ಕದ್ದ ವಸ್ತು ಚೀಸೇ ಇರಲಿ, ಚಿನ್ನವೇ ಇರಲಿ, ಕಳವು ಕಳವೇ! ಹಸಿದವರೆಲ್ಲ ಕದಿಯತೊಡಗಿದರೆ ಅಂಗಡಿಯವನು ಏನು ಗಾಳಿ ಮಾರಬೇಕೇ? ನಾನು ಪೀಠದಲ್ಲಿ ಕೂತದ್ದು ಕಣ್ಣೀರು ಒರೆಸುವುದಕ್ಕಲ್ಲ. ಕಾನೂನು ಏಳು ವರ್ಷ ಎಂದಿತು, ನಾನು ಏಳು ವರ್ಷ ಎಂದೆ!"

ಆವೇಶದಲ್ಲಿ ಎದ್ದು ತಿರುಗಿದೆ. ಸಭೆಗೆಲ್ಲ ನವಿಲು ಕಂಡಿತು. ಯಾರೋ ಚಪ್ಪಾಳೆ ತಟ್ಟಿದರು. ಟೀಚರ್ ಮಗಳ ಕಡೆ ನೋಡಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಮಗಳ ಮುಖ ನನ್ನ ನಿಲುವಂಗಿಯಷ್ಟೇ ಕೆಂಪಾಗಿತ್ತು. ಅವಳು ಅನುವಾದಿಸುತ್ತಾಳೆ ಎಂದುಕೊಂಡೆ. ಅವಳು ಟೀಚರಿಗೆ ಬೆನ್ನು ಹಾಕಿ ನನ್ನತ್ತ ತಿರುಗಿದಳು.

"ಎಲವೋ ನ್ಯಾಯಾಧೀಶ!" ಎಂದಳು.

ನಾನು ಬೆಚ್ಚಿಬಿದ್ದೆ. ಮಗಳ ಬಾಯಲ್ಲಿ ಕನ್ನಡ! ಅದೂ ಎಂಥ ಕನ್ನಡ! ಪಾಪ, ಅವಳು ಕೇಳಿದ ಕನ್ನಡವೆಲ್ಲ ದೇವರು ರಾಕ್ಷಸರನ್ನು ಬೈಯುವ ಕನ್ನಡ. ಅವಳಿಗೆ ಬೇರೆ ಬರುತ್ತಲೂ ಇರಲಿಲ್ಲ.

"ಆ ಸ್ತ್ರೀಯು ಚೀಸನ್ನು ಕದ್ದಳು, ಓಕೆ. ಅವಳ ಮಗಳು ಏನನ್ನು ಕದ್ದಿದ್ದಳು?"

"ಮಗಳಿಗೆ ನಾನು ಶಿಕ್ಷೆ ಕೊಟ್ಟಿಲ್ಲವಲ್ಲ!"

"ಕೊಟ್ಟಿರುವೆ! ಸೆವೆನ್ ಇಯರ್ಸ್ ಅವಳು ಒಬ್ಬಳೇ ಇದ್ದಳು. ಸ್ಕೂಲಿಗೆ ಯಾರೂ ಬರಲಿಲ್ಲ. ಎಲ್ಲರ ಪೇರೆಂಟ್ಸ್ ಬಂದರು, ಅವಳದ್ದು ಬರಲಿಲ್ಲ. ನೀನು ಅವಳ ಬಳಿ ಕೇಳಿದೆಯಾ? ಒಂದು ಸಲವಾದರೂ ಕೇಳಿದೆಯಾ, ಎಲವೋ?"

ಚೀಸ್ ಕದ್ದವಳ ಮಗಳ ಶಾಲೆಯ ವಿಷಯ ಪುಸ್ತಕದಲ್ಲಿ ಇರಲಿಲ್ಲ. ಅವಳು ಶಾಲೆಗೆ ಹೋಗಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನನ್ನ ಬಾಯಲ್ಲಿ ಉತ್ತರಗಳು ಸಿದ್ಧವಾಗಿದ್ದವು. ಕರ್ತವ್ಯ ಎಂದರೇನು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಇದೆಲ್ಲ ನಿಮಗೋಸ್ಕರವೇ ಎಂಬುದು ಅದರ ಹಿಂದೆ ಇತ್ತು. ಎರಡನ್ನೂ ಎಲ್ಲಿ ಹೇಳಿದ್ದೆ ಎಂಬುದು ಆಗ ನೆನಪಾಯಿತು. ತಣ್ಣಗಾದ ಸಾರು, ಮುರಿದ ಹಪ್ಪಳ, ಎದ್ದುಹೋದ ಒಂಬತ್ತು ವರ್ಷದ ಹುಡುಗಿ. ನನಗೆ ನಾಚಿಕೆಯಾಯಿತು. ಅಳುವೂ ಬಂತು, ಟೋಪಿನ ಹುಳಿ ವಾಸನೆಗೆ ಕಣ್ಣು ಉರಿಯುತ್ತಿದೆ ಎಂಬ ನೆಪವೂ ಇತ್ತು.

ಮಲ್ಲಿಗೆಯನ್ನು ಕುರ್ಚಿಯ ಮೇಲಿಟ್ಟು, ಟೋಪು ತೆಗೆದೆ. "ಸೋತೆ" ಎಂದೆ. ಆಮೇಲೆ ಬಾಕಿ ಇದ್ದ ನಾಲ್ಕನೆಯ ಸಾಲನ್ನು ಅವಳಿಗೇ ಹೇಳಿದೆ: "ಐ ಆಮ್ ಸಾರಿ."

ಅವಳು ಟೀಚರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಅವರು ಸಾರಿ ಹೇಳಿದರು, ಮಿಸ್" ಎಂದಳು. ಅಷ್ಟು ಹೊತ್ತಿನ ಮಾತಿಗೆ ಅಷ್ಟೇ ಅನುವಾದ. ಟೀಚರ್ ತಮ್ಮ ಹಾಳೆಯಲ್ಲಿ ಏನೋ ಬರೆದರು. ಆಮೇಲೆ ಮಗಳು ತೋರಿಸಿದಳು: ಚರಿತ್ರೆ ಬಹಳ ಚೆನ್ನಾಗಿದೆ, ನ್ಯಾಯಾಧೀಶರ ದನಿ ಸ್ವಲ್ಪ ಜೋರು.

ಮುಂದಿನ ಸೋಮವಾರ ಸ್ಟೋರಿನ ಕಂಪ್ಯೂಟರಿನಲ್ಲಿ ವರ್ಗಾವಣೆಯ ಅರ್ಜಿ ತೆರೆದೆ. ಕಾರಣ ಬರೆಯಲು ಎಂಟು ಸಾಲು ಜಾಗ ಬಿಟ್ಟಿದ್ದರು. ಒಂದೇ ಸಾಲು ಬರೆದೆ: ಮಗಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಮಧ್ಯಾಹ್ನ ಅಬುಧಾಬಿಯ ಆಫೀಸಿನಿಂದ ಫೋನು ಬಂತು. ಹಿಂದಿಯಲ್ಲಿ, "ಭಾಯಿ, ಕಾರಣ ಸರಿಯಾಗಿ ಬರೀರಿ. ಯಾವ ಪ್ರಶ್ನೆ?" ಎಂದರು. ನಾನು ಹೇಳತೊಡಗಿದೆ. ಪೀಠಿಕೆ ಜಡ್ಜಪ್ಪನ ಊಟಗಳವರೆಗೆ ಬಂದಾಗ ಅವರು, "ಮಂಜೂರು ಮಾಡಿಸ್ತೇನೆ, ಫೋನ್ ಇಡಿ" ಎಂದರು.

ವರ್ಗಾವಣೆಗೆ ಎರಡು ತಿಂಗಳು ಹಿಡಿಯಿತು. ಸ್ನೇಹಿತರು ಕಡೆಯ ಸಲ ನನ್ನ ಪೆಟ್ಟಿಗೆಗಳನ್ನು ಕಾರಿಗೆ ಹಾಕಿ, ಇನ್ನು ದಾರಿಯಲ್ಲಿ ರೇಡಿಯೋ ಕೇಳಬಹುದು ಎಂದು ದೇವರಿಗೆ ವಂದಿಸಿದರು, ಆದರೆ ಇಳಿಸುವಾಗ ಅವರ ಕಣ್ಣು ತುಂಬಿತ್ತು. ಅವರ ಮಕ್ಕಳೂ ಇಲ್ಲೇ ಇದ್ದಾರೆ.

ಮೊದಲ ಸೋಮವಾರ ಸಂಜೆ ನಾನು ಊಟದ ಮೇಜಿನಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದೆ. ಮಗಳು ಕೋಣೆಯಿಂದ ಹೊರಗೆ ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಸೋಮವಾರ ಆ ಕುರ್ಚಿಯಲ್ಲಿ ಅವಳು ನನ್ನನ್ನು ಕಂಡದ್ದೇ ಇಲ್ಲ.

"ಎಲವೋ ನ್ಯಾಯಾಧೀಶ" ಎಂದಳು, ಮೆಲ್ಲಗೆ. "ನೀನು ಇನ್ನೂ ಇಲ್ಲಿಯೇ ಇರುವೆಯಾ?"

ಅದಕ್ಕೆ ನನ್ನ ಬಳಿ ನಲವತ್ತು ನಿಮಿಷದ ಉತ್ತರ ಇತ್ತು.

"ಇಲ್ಲೇ ಇದ್ದೇನೆ ಮಗಾ" ಎಂದೆ.